ಈಜುಕೊಳಕ್ಕೆ ಯಾರೂ ರೊಕ್ಕ ಕೊಡಂಗಿಲ್ಲ, ನೀರಿಗೆ ಕೊಡ್ತಾರ

ಮನೆಯಲ್ಲಿ ಈಜುಕೊಳ ಕಟ್ಟಿಸಿದರೆ ಮುಂದೆ ಮಾರುವಾಗ ಹೆಚ್ಚು ಬೆಲೆ ಬರುತ್ತದೆಯೇ?

ಯಾದಗಿರಿ ಜಿಲ್ಲೆಯಲ್ಲಿ ಕುಳಿತು ಇಂಥ ಪ್ರಶ್ನೆ ಕೇಳಿದರೆ ಕಟ್ಟೆಯ ಮೇಲೆ ಕೂತವರು ನಗುತ್ತಾರೆ. "ಮೊದಲ ಕುಡಿಯಾಕ ನೀರ ಬರಲಿ, ಆಮ್ಯಾಲ ಈಜೋದು ನೋಡೋಣು" ಅನ್ನುತ್ತಾರೆ. ಆದರೆ ಪ್ರಶ್ನೆ ನಗುವಂಥದ್ದಲ್ಲ. ಫೋನ್ ತೆರೆದರೆ ಸಾಕು, ನೀಲಿ ಕೊಳದ ಪಕ್ಕದಲ್ಲಿ ಕುರ್ಚಿ ಹಾಕಿದ ಫಾರ್ಮ್‌ಹೌಸ್ ವಿಡಿಯೋಗಳು ಬರುತ್ತವೆ. 2020ರಲ್ಲಿ ಭೂಸುಧಾರಣಾ ಕಾಯ್ದೆಗೆ ತಿದ್ದುಪಡಿ ಆದ ಮೇಲೆ ರೈತರಲ್ಲದವರೂ ಕೃಷಿ ಜಮೀನು ಕೊಳ್ಳಬಹುದು. ಹೀಗಾಗಿ ಫಾರ್ಮ್‌ಹೌಸ್ ಎಂಬ ಮಾತು ಬೆಂಗಳೂರಿನಿಂದ ನಮ್ಮ ಕಡೆಗೂ ನಡೆದು ಬರುತ್ತಿದೆ. ಬೆಂಗಳೂರು, ಪುಣೆ, ಮುಂಬೈಯಲ್ಲಿ ಹತ್ತು ಹದಿನೈದು ವರ್ಷ ದುಡಿದವರು ಊರಲ್ಲಿ ಮನೆ ಕಟ್ಟಿಸಲು ನಿಂತಾಗ "ಸ್ವಲ್ಪ ಬೇರೆ ಥರ ಇರಲಿ, ಮುಂದೆ ರೇಟ್ ಬರ್ತದ" ಎಂದು ಹೇಳುವವರು ಸಿಗುತ್ತಾರೆ. ಜೀವಮಾನದ ಗಳಿಕೆ ಇಂಥ ಒಂದು ಮಾತಿನ ಮೇಲೆ ಎತ್ತ ಬೇಕಾದರೂ ಹೋಗಬಹುದು.

ನಮ್ಮ ಉತ್ತರ ಮೊದಲೇ ಹೇಳಿಬಿಡುತ್ತೇವೆ. ನಮ್ಮ ಆರೂ ತಾಲೂಕುಗಳಲ್ಲಿ ಮನೆಯ ಈಜುಕೊಳ ಖರ್ಚೇ ಹೊರತು ಬೆಲೆ ಅಲ್ಲ. ಇಲ್ಲಿ ಮನೆಗೆ ಬೆಲೆ ತರುವುದು ಎರಡೇ: ಬೇಸಿಗೆಯಲ್ಲೂ ಬರುವ ಕುಡಿಯುವ ನೀರು ಮತ್ತು ಸರಿಯಾದ ಕಾಗದ. ಇವೆರಡೂ ಆಗುವವರೆಗೆ ಕೊಳದ ಮಾತು ಬೇಡ.

ನಾವು ಮನೆ ಮಾರುವುದು ಯಾವಾಗ?

ದೊಡ್ಡ ಊರುಗಳಲ್ಲಿ ಮನೆ ಎಂದರೆ ವ್ಯಾಪಾರವೂ ಹೌದು. ಐದು ವರ್ಷ ಇಟ್ಟುಕೊಂಡು ಲಾಭಕ್ಕೆ ಮಾರುತ್ತಾರೆ, ಅದಕ್ಕಿಂತ ದೊಡ್ಡದು ಕೊಳ್ಳುತ್ತಾರೆ. ನಮ್ಮಲ್ಲಿ ಹಾಗಲ್ಲ. ನಾವು ಮನೆ ಮಾರುವುದು ಲಾಭಕ್ಕಲ್ಲ, ಅಡಚಣೆಗೆ. ಕಲಬುರಗಿ ಇಲ್ಲವೇ ರಾಯಚೂರಿನ ದವಾಖಾನೆಯಲ್ಲಿ ಯಾರೋ ಮಲಗಿರುತ್ತಾರೆ. ಹತ್ತಿಗೆ ಹಾಕಿದ ಸಾಲ ಎರಡು ವರ್ಷ ತೀರಿರುವುದಿಲ್ಲ. ಮಗಳ ಮದುವೆ ಗೊತ್ತಾಗಿರುತ್ತದೆ. ಅಣ್ಣತಮ್ಮಂದಿರು ಬೇರೆಯಾಗಿರುತ್ತಾರೆ.

ಅಂಥ ಹೊತ್ತಿನಲ್ಲಿ ಮನೆಯ ಬೆಲೆ ಎಂದರೆ ಬರೀ ಎಷ್ಟು ಲಕ್ಷ ಎಂಬುದಲ್ಲ. ಎಷ್ಟು ದಿನದಲ್ಲಿ ಎಂಬುದೂ ಬೆಲೆಯೇ. ಹದಿನೈದು ದಿನದಲ್ಲಿ ಕೈಗೆ ಬರುವ ಹತ್ತು ಲಕ್ಷಕ್ಕೂ ಒಂದು ವರ್ಷ ಕಾದರೆ ಬರಬಹುದಾದ ಹದಿಮೂರು ಲಕ್ಷಕ್ಕೂ ಬಹಳ ಅಂತರ ಇದೆ. ಆದ್ದರಿಂದ ಮನೆ ಕಟ್ಟುವಾಗಲೇ ಕೇಳಿಕೊಳ್ಳಬೇಕಾದ ಪ್ರಶ್ನೆ ಇದು: ನಾಳೆ ನನಗೆ ಕಷ್ಟ ಬಂದರೆ ಈ ಮನೆಯನ್ನು ಬೇಗ ತಗೊಳ್ಳುವವರು ಯಾರು, ಅವರು ಏನು ನೋಡುತ್ತಾರೆ?

ಕೆಂಭಾವಿಯಲ್ಲೋ ಹುಣಸಗಿಯಲ್ಲೋ ಸೈದಾಪುರದಲ್ಲೋ ಮನೆ ಕೊಳ್ಳಲು ಬರುವವರು ಎಂಥವರು? ವರ್ಗವಾಗಿ ಬಂದು ಇಲ್ಲೇ ಉಳಿದ ಮಾಸ್ತರು, ಕಿರಾಣಿ ಅಂಗಡಿಯವರು, ಮಕ್ಕಳ ಶಾಲೆಗೆಂದು ಹಳ್ಳಿಯಿಂದ ಬಂದ ರೈತ ಕುಟುಂಬ, ನರ್ಸ್, ಲೈನ್‌ಮನ್. ಅವರ ಮೊದಲ ಪ್ರಶ್ನೆ "ನೀರು ಹ್ಯಾಂಗದ್ರಿ? ನಳ ಎಷ್ಟು ದಿನಕ್ಕೊಮ್ಮೆ ಬರ್ತದ?" ಎರಡನೆಯದು "ಉತಾರ ಯಾರ ಹೆಸರಿಲೆ ಅದ?" ಮೂರನೆಯದು ದಾರಿ, ಗಟಾರ. ಈಜುಕೊಳ ಇದೆಯೇ ಎಂದು ಕೇಳುವ ಗಿರಾಕಿ ಈ ಸಾಲಿನಲ್ಲಿ ಇಲ್ಲ. ಇದ್ದರೂ ಒಬ್ಬನೇ ಇರುತ್ತಾನೆ. ಒಬ್ಬನೇ ಗಿರಾಕಿ ಇದ್ದಾಗ ರೇಟು ಹೇಳುವವನು ಅವನು, ನೀವಲ್ಲ.

ಕೊಳ ಇರುವ ಮನೆಗೆ ಇನ್ನೊಂದು ತೊಡಕಿದೆ. ಬೇಡದವನಿಗೆ ಅದು ಗುಂಡಿ. "ಇದನ್ನ ಮುಚ್ಚಿಸಾಕ ಎಷ್ಟು ಖರ್ಚು ಬರ್ತದ?" ಎಂದು ಲೆಕ್ಕ ಹಾಕಿ ಅಷ್ಟನ್ನೂ ನಿಮ್ಮ ಬೆಲೆಯಲ್ಲಿ ಮುರಿಯುತ್ತಾನೆ.

ಲೆಕ್ಕ ಹಾಕಿ ನೋಡೋಣ

ದೊಡ್ಡ ಕೊಳ ಬೇಡ, ಚಿಕ್ಕದನ್ನೇ ತೆಗೆದುಕೊಳ್ಳೋಣ. ಉದ್ದ 8 ಮೀಟರ್, ಅಗಲ 4 ಮೀಟರ್, ಸರಾಸರಿ ಆಳ 1.4 ಮೀಟರ್. ಇದರಲ್ಲಿ ಹಿಡಿಯುವ ನೀರು ಸುಮಾರು 45,000 ಲೀಟರ್. 5,000 ಲೀಟರಿನ ಟ್ಯಾಂಕರ್ ಆದರೆ ಒಂಬತ್ತು ಟ್ಯಾಂಕರ್.

ಈಗ ಇದನ್ನು ಮನೆಯ ನೀರಿಗೆ ಹೋಲಿಸಿ. 2019ರಲ್ಲಿ ಶುರುವಾದ ಜಲ ಜೀವನ್ ಮಿಷನ್, ನಮ್ಮ ರಾಜ್ಯದಲ್ಲಿ "ಮನೆ ಮನೆಗೆ ಗಂಗೆ" ಎಂದು ಕರೆಯುವ ಯೋಜನೆ, ಒಬ್ಬರಿಗೆ ದಿನಕ್ಕೆ 55 ಲೀಟರ್ ಕೊಡಬೇಕು ಎಂದು ಇಟ್ಟುಕೊಂಡಿದೆ. ಐದು ಜನರ ಮನೆಗೆ ದಿನಕ್ಕೆ 275 ಲೀಟರ್. ಹಾಗಾದರೆ ಆ ಚಿಕ್ಕ ಕೊಳದ ನೀರು ಒಂದು ಮನೆಗೆ 160 ದಿನಕ್ಕೂ ಹೆಚ್ಚು, ಅಂದರೆ ಐದು ತಿಂಗಳು ಸಾಲುವಷ್ಟು.

ಒಮ್ಮೆ ತುಂಬಿಸಿದರೆ ಮುಗಿಯಿತೇ? ಇಲ್ಲ. ನಮ್ಮ ಏಪ್ರಿಲ್, ಮೇ ಬಿಸಿಲು ಗೊತ್ತಲ್ಲ. ದಿನಕ್ಕೆ 8 ಮಿಲಿಮೀಟರ್ ನೀರು ಆರಿದರೂ ಅಷ್ಟಗಲದ ಕೊಳದಿಂದ ದಿನಾ 250 ಲೀಟರ್ ಗಾಳಿಗೆ ಹೋಗುತ್ತದೆ. ಅಂದರೆ ಒಂದು ಮನೆಯವರು ಕುಡಿಯುವ, ಅಡುಗೆ ಮಾಡುವ, ಮೈ ತೊಳೆಯುವ ನೀರಿನಷ್ಟು ದಿನಾಲೂ ಸೂರ್ಯನಿಗೆ ಕೊಡಬೇಕು.

ನೀರು ಹಸಿರಾಗದಂತೆ ಮೋಟಾರು ಓಡಿಸಿ ಸೋಸಬೇಕು, ಕ್ಲೋರಿನ್ ಹಾಕಬೇಕು. ಒಂದು ಎಚ್‌ಪಿ ಮೋಟಾರು ದಿನಕ್ಕೆ ಆರು ತಾಸು ಓಡಿದರೆ ತಿಂಗಳಿಗೆ ಹತ್ತಿರ ಹತ್ತಿರ 135 ಯೂನಿಟ್. ಗೃಹಜ್ಯೋತಿಯಲ್ಲಿ 200 ಯೂನಿಟ್ ದಾಟಿದರೆ ಪೂರ್ತಿ ಬಿಲ್ ನಿಮ್ಮದೇ ಎಂಬುದು ಮರೆಯಬೇಡಿ. ಮನೆಯ ಫ್ಯಾನು, ಫ್ರಿಜ್, ಟಿವಿ ಜೊತೆಗೆ ಇದೂ ಸೇರಿದರೆ ದಾಟಲು ಹೆಚ್ಚು ಹೊತ್ತು ಬೇಡ. ಮೋಟಾರು ನಿಲ್ಲಿಸಿದಿರೋ, ಕೆಲವೇ ದಿನಗಳಲ್ಲಿ ಪಾಚಿ, ಸೊಳ್ಳೆ. ಡೆಂಗಿಗೆ ಕರೆ ಕಳಿಸಿದ ಹಾಗೆ.

ಇನ್ನು ನಮ್ಮ ನೆಲ. ಶಹಾಪುರ, ಸುರಪುರದ ಎರೆ ಹೊಲದಲ್ಲಿ ಮನೆ ಕಟ್ಟಿದವರಿಗೆ ಎರೆಯ ಗುಣ ಹೇಳಿಕೊಡಬೇಕಿಲ್ಲ. ಮಳೆಗಾಲದಲ್ಲಿ ಹಿಗ್ಗುತ್ತದೆ, ಬೇಸಿಗೆಯಲ್ಲಿ ಕುಗ್ಗಿ ಕೈ ಹೋಗುವಷ್ಟು ಬಿರಿಯುತ್ತದೆ. ಗೋಡೆಗೆ ಬಿರುಕು ಬಿಟ್ಟರೆ ಪ್ಲಾಸ್ಟರ್ ಮಾಡಿ ಸುಧಾರಿಸಬಹುದು. ಕೊಳಕ್ಕೆ ಬಿರುಕು ಬಿಟ್ಟರೆ ನೀರು ಸೋರಿ ಮನೆಯ ಬುನಾದಿಗೇ ಇಳಿಯುತ್ತದೆ. ಗುಡ್ಡದ ಬದಿಯ ಊರುಗಳಲ್ಲಿ ಎರೆ ಇಲ್ಲ, ಬಂಡೆ ಇದೆ. ಅಲ್ಲಿ ತೋಡುವ ಖರ್ಚೇ ಹೊರೆ.

"ಬೆಂಗಳೂರಾಗ ಕೊಳ ಇರೋ ಮನಿಗೆ ರೇಟ್ ಅದಲ್ಲ?"

ಈ ಮಾತು ಹೇಳುವವರಿದ್ದಾರೆ. ಅದರಲ್ಲಿ ಸ್ವಲ್ಪ ನಿಜವೂ ಇದೆ. ಬೆಂಗಳೂರಿನ ದೊಡ್ಡ ಅಪಾರ್ಟ್‌ಮೆಂಟ್‌ಗಳ ಜಾಹೀರಾತಿನಲ್ಲಿ ಈಜುಕೊಳ ಇದ್ದೇ ಇರುತ್ತದೆ. ಆದರೆ ಅಲ್ಲಿ ಒಂದು ಕೊಳದ ಖರ್ಚು ನೂರಾರು ಮನೆಗಳಿಗೆ ಹಂಚಿಹೋಗುತ್ತದೆ, ತಿಂಗಳ ನಿರ್ವಹಣೆಯೂ ಹಾಗೆಯೇ. ನಿಮ್ಮ ಮನೆಯ ಕೊಳಕ್ಕೆ ಪಾಲುದಾರರಿಲ್ಲ.

ಅಮೆರಿಕದಲ್ಲಿ ಇದೇ ಪ್ರಶ್ನೆಗೆ ಜಾಗ ನೋಡಿ ಉತ್ತರ ಹೇಳುತ್ತಾರೆ. ವರ್ಷದ ಬಹುಪಾಲು ಸೆಕೆ ಇರುವ, ಅಕ್ಕಪಕ್ಕದ ಮನೆಗಳಲ್ಲೆಲ್ಲ ಕೊಳ ಇರುವ ಫ್ಲೋರಿಡಾ, ಅರಿಜೋನಾದಂಥ ಕಡೆ ಗಿರಾಕಿ ಕೊಳವನ್ನು ನಿರೀಕ್ಷಿಸುತ್ತಾನೆ. ಚಳಿಯ ಊರುಗಳಲ್ಲಿ ಅದು ಹೊರೆ. ಅಂದರೆ ಬೆಲೆ ಕೊಳದಲ್ಲಿ ಇಲ್ಲ, ಆ ಓಣಿಯ ಗಿರಾಕಿಯ ಬೇಡಿಕೆಯಲ್ಲಿ ಇದೆ. ಸೆಕೆಯಂತೂ ನಮ್ಮಲ್ಲಿ ಬೇಕಾದಷ್ಟಿದೆ. ಕೊಳ ಬೇಡುವ ಓಣಿ ಇಲ್ಲ.

ಬೆಂಗಳೂರಿನ ಕಥೆಯನ್ನೂ ಪೂರ್ತಿ ಕೇಳಬೇಕು. 2024ರ ಮಾರ್ಚ್‌ನಲ್ಲಿ ಅಲ್ಲಿ ನೀರಿನ ಬರ ಬಂದಾಗ ಜಲಮಂಡಳಿ ಈಜುಕೊಳಗಳಿಗೆ ಕುಡಿಯುವ ನೀರು ಬಳಸಬಾರದು ಎಂದು ಆದೇಶ ಹೊರಡಿಸಿತು, ಮೀರಿದರೆ 5,000 ರೂಪಾಯಿ ದಂಡ ಎಂದಿತು. ನೀರು ಕಡಿಮೆಯಾದ ದಿನ ಮೊದಲು ಬಂದ್ ಆದವುಗಳಲ್ಲಿ ಕೊಳವೂ ಒಂದು. ಆ ಮಹಾನಗರದ ಕಟ್ಟಡಗಳಿಗೆ ಗುಂಡಿ ತೋಡಿದವರಲ್ಲಿ, ಕಬ್ಬಿಣ ಕಟ್ಟಿದವರಲ್ಲಿ, ಟೈಲ್ಸ್ ಕೂಡಿಸಿದವರಲ್ಲಿ ನಮ್ಮ ಜಿಲ್ಲೆಯವರು ಎಷ್ಟು ಜನ ಇದ್ದಾರೆ ಎಂದು ನಿಮಗೇ ಗೊತ್ತು. ಅಲ್ಲಿ ಬಂದ್ ಆದದ್ದನ್ನು ಇಲ್ಲಿ ಬಂಡವಾಳ ಎಂದು ಕಟ್ಟುವುದು ಯಾವ ನ್ಯಾಯ?

ನೀರಿನ ಬೆಲೆ ನಮಗೆ ಹೊಸದಲ್ಲ

ನೀರಿನಿಂದ ಆಸ್ತಿಯ ಬೆಲೆ ಏರುವುದನ್ನು ನೋಡಲು ದೂರ ಹೋಗಬೇಕಿಲ್ಲ. ಸುರಪುರದ ಅರಸರ ಕಾಲದ ಬೋನಾಳ ಕೆರೆ ಇವತ್ತಿಗೂ ನಿಂತಿದೆ, ಈಗ ಪಕ್ಷಿಧಾಮ. ಕೆರೆಯ ಕೆಳಗಿನ ಭೂಮಿಗೂ ಮೇಲಿನ ಭೂಮಿಗೂ ಬೆಲೆ ಬೇರೆ ಎಂಬುದು ನಮ್ಮ ಮುತ್ತಜ್ಜನಿಗೂ ಗೊತ್ತಿದ್ದ ಲೆಕ್ಕ.

ಕೃಷ್ಣೆಗೆ ನಾರಾಯಣಪುರದಲ್ಲಿ ಅಣೆಕಟ್ಟು ಕಟ್ಟಿದ ಮೇಲೆ, ಅಂದರೆ ಬಸವಸಾಗರ ಆದ ಮೇಲೆ, ಆ ಲೆಕ್ಕ ಇನ್ನೂ ದೊಡ್ಡದಾಯಿತು. ಎಡದಂಡೆ ಕಾಲುವೆ, ಅದರ ಶಹಾಪುರ ಶಾಖಾ ಕಾಲುವೆ ಹರಿದ ಕಡೆ ಜೋಳ, ಸಜ್ಜೆಯ ಹೊಲಗಳು ಭತ್ತದ ಗದ್ದೆಗಳಾದವು. ಆಂಧ್ರದ ಕಡೆಯಿಂದ ಬಂದವರು ಕ್ಯಾಂಪ್ ಹಾಕಿ ಜಮೀನು ಹಿಡಿದರು. ಉಪನೋಂದಣಿ ಕಚೇರಿಯ ಮಾರ್ಗಸೂಚಿ ದರದಲ್ಲೂ ಖುಷ್ಕಿಗೆ ಒಂದು ರೇಟು, ನೀರಾವರಿಗೆ ಒಂದು ರೇಟು. ಸರಕಾರವೇ ನೀರಿಗೆ ಬೆಲೆ ಕಟ್ಟಿದೆ.

ಆದರೆ ಇಲ್ಲಿಯೂ ಒಂದು ಪಾಠ ಇದೆ. ಕಾಲುವೆ ನಕಾಶೆಯಲ್ಲಿ ಇದ್ದರೆ ಸಾಲದು, ನೀರು ಹೊಲಕ್ಕೆ ಬರಬೇಕು. ವಾರಬಂದಿ, ಚಾಲೂ-ಬಂದ್ ಅಂತ ನೀರು ಬಿಡುವಾಗ ಕಾಲುವೆಯ ಕೊನೆಯ ರೈತ ಪ್ರತಿ ವರ್ಷ ಅದೇ ಮಾತು ಹೇಳುತ್ತಾನೆ: "ನಮ್ಮ ಮಟಾ ಬರಲೇ ಇಲ್ಲ." ಆ ಹೊಲ ಕೊಳ್ಳಲು ಬಂದವನು ಪಹಣಿಯನ್ನಷ್ಟೇ ನೋಡಿ ಹೋಗುವುದಿಲ್ಲ. ಪಕ್ಕದ ಹೊಲದವನನ್ನು ಕೇಳುತ್ತಾನೆ. ಬೆಲೆ ನಿಂತಿರುವುದು ಗುಂಡಿಯ ಮೇಲೂ ಅಲ್ಲ, ಪೈಪಿನ ಮೇಲೂ ಅಲ್ಲ. ಬೇಕಾದ ದಿನ ನೀರು ಬರುತ್ತದೆ ಎಂಬ ನಂಬಿಕೆಯ ಮೇಲೆ.

ಮನೆಗೂ ಇದೇ ಮಾತು. ನಳ ಕೂಡಿಸಿದ್ದಾರೆ, ನೀರಿಲ್ಲ ಎಂದರೆ ಆ ನಳ ದನ ಕಟ್ಟುವ ಗೂಟಕ್ಕೆ ಸಮ.

ಬರೀ ಬಂದರೆ ಸಾಲದು, ಕುಡಿಯುವಂತಿರಬೇಕು. ನಮ್ಮ ಜಿಲ್ಲೆಯ ಹಲವು ಊರುಗಳ ಬೋರ್ ನೀರಿನಲ್ಲಿ ಫ್ಲೋರೈಡ್ ಇದೆ. ಸುರಪುರ ಕಡೆಯ ಕಿರದಳ್ಳಿ ತಾಂಡಾದ ಬೋರ್ ನೀರಿನಲ್ಲಿ ಆರ್ಸೆನಿಕ್ ಇರುವುದನ್ನು ಸಂಶೋಧಕರು ಪರೀಕ್ಷೆ ಮಾಡಿ ಪ್ರಕಟಿಸಿದ್ದಾರೆ. ಗುರುಮಠಕಲ್ ತಾಲೂಕಿನ ಅನಪುರದಲ್ಲಿ 2023ರ ಫೆಬ್ರವರಿಯಲ್ಲಿ ಕಲುಷಿತ ನೀರು ಕುಡಿದು ಜನ ಆಸ್ಪತ್ರೆ ಸೇರಿದರು, ಜೀವಗಳು ಹೋದವು. ಇಂಥ ಜಿಲ್ಲೆಯಲ್ಲಿ "ನಮ್ಮ ಬೋರ್ ನೀರು ಪರೀಕ್ಷೆ ಮಾಡಿಸಿದ್ದೇವೆ, ಇಗೋ ವರದಿ" ಎಂದು ತೋರಿಸುವ ಮನೆಯವರಿಗೆ ಗಿರಾಕಿಯ ಮುಂದೆ ಎಷ್ಟು ಬಲ ಬರುತ್ತದೆ ಯೋಚಿಸಿ. ನೀಲಿ ಟೈಲ್ಸ್ ಕೊಡಲಾರದ ಬಲ ಆ ಒಂದು ಹಾಳೆ ಕೊಡುತ್ತದೆ.

ಹೆಣ್ಣು ಕೊಡಲು ಬಂದವರು ಏನು ನೋಡುತ್ತಾರೆ ನೆನಪಿಸಿಕೊಳ್ಳಿ. ಹುಡುಗನ ಕೆಲಸ, ಹೊಲ, ಆಮೇಲೆ "ನೀರು ಎಲ್ಲಿಂದ ತರ್ತೀರಿ?" ಕೊಡ ಹೊತ್ತು ಸವೆದ ತಾಯಿಯೇ ಈ ಪ್ರಶ್ನೆ ಕೇಳುವುದು. ಮನೆಯ ಮೌಲ್ಯಮಾಪನಕ್ಕೆ ಅವಳಿಗಿಂತ ದೊಡ್ಡ ಇಂಜಿನಿಯರ್ ಇಲ್ಲ.

ಮಾಳಿಗೆಯ ಮೇಲೆ ಬೀಳುವ ಕೊಳ

ಒಂದು ಸಣ್ಣ ಲೆಕ್ಕ ಇದೆ, ಅದನ್ನು ಹೇಳಲೇಬೇಕು. ನಿಮ್ಮ ಮನೆಯ ಸ್ಲ್ಯಾಬ್ 1,000 ಚದರ ಅಡಿ ಇದೆ ಅನ್ನಿ. ಒಂದು ಮಳೆಗಾಲದಲ್ಲಿ 600 ಮಿಲಿಮೀಟರ್ ಮಳೆ ಬಿದ್ದರೆ, ಐದರಲ್ಲಿ ಒಂದು ಪಾಲು ವ್ಯರ್ಥ ಹೋದರೂ, ಆ ಸ್ಲ್ಯಾಬಿನ ಮೇಲಿಂದ ಸುಮಾರು 45,000 ಲೀಟರ್ ಹಿಡಿಯಬಹುದು. ಮೇಲೆ ಹೇಳಿದ ಕೊಳಕ್ಕೆ ಬೇಕಾದಷ್ಟೇ ನೀರು! ಅಂದರೆ ಒಂದು ಈಜುಕೊಳದಷ್ಟು ನೀರು ಪ್ರತಿ ಮಳೆಗಾಲ ನಿಮ್ಮ ಮಾಳಿಗೆಯ ಮೇಲೆ ಬಿದ್ದು ಗಟಾರಕ್ಕೆ ಹೋಗುತ್ತಿದೆ.

ಅದಷ್ಟನ್ನೂ ಕೂಡಿಡಲು ಆಗುವುದಿಲ್ಲ, ನಿಜ. 10,000 ಲೀಟರಿನ ಸಂಪ್ ಕಟ್ಟಿಸಿದರೆ ಐದು ಜನರ ಮನೆಗೆ ಒಂದು ತಿಂಗಳಿಗೂ ಮೇಲೆ ನೀರು ನಿಂತಿರುತ್ತದೆ. ಉಳಿದದ್ದನ್ನು ಬೋರ್ ಪಕ್ಕದ ಇಂಗುಗುಂಡಿಗೆ ಬಿಡಬಹುದು. ಸಂಪ್ ಕೂಡ ಎರೆ ನೆಲದಲ್ಲೇ ಕೂರಬೇಕು, ಆದರೆ ಅದು ಚಿಕ್ಕದು, ಮುಚ್ಚಿರುತ್ತದೆ, ನೀರು ಆರುವುದಿಲ್ಲ, ಮಗು ಬೀಳುವುದಿಲ್ಲ. ಮನೆ ನೋಡಲು ಬಂದವರಿಗೆ ಮುಚ್ಚಳ ತೆಗೆದು ತೋರಿಸಿ, ಮಾತು ಅಲ್ಲೇ ಅರ್ಧ ಮುಗಿಯುತ್ತದೆ.

ಹೊಲದಲ್ಲಿ ಮನೆ ಇರುವವರಿಗೆ ಕೃಷಿ ಹೊಂಡ ಇದೆ. 2014ರಲ್ಲಿ ಶುರುವಾದ ಕೃಷಿ ಭಾಗ್ಯ ಯೋಜನೆಯಿಂದ ನಮ್ಮ ಕಡೆಯೂ ಹೊಂಡಗಳಾಗಿವೆ. 12 ಮೀಟರ್ ಚೌಕದ, 3 ಮೀಟರ್ ಆಳದ ಹೊಂಡ, ದಂಡೆಯ ಇಳಿಜಾರು ಕಳೆದರೂ, ಎರಡೂವರೆ ಲಕ್ಷ ಲೀಟರ್ ಹತ್ತಿರ ಹಿಡಿಯುತ್ತದೆ. ತೊಗರಿ ಹೂ ಬಿಟ್ಟ ಹೊತ್ತಿಗೆ ಮಳೆ ಕೈಕೊಟ್ಟರೆ ಒಂದು ನೀರು ಹಾಯಿಸಬಹುದು. ಇದು ಬೆಳೆ ಉಳಿಸುವ ಕೊಳ, ಹೊಲದ ಬೆಲೆ ಏರಿಸುವ ಕೊಳ. ಆದರೆ ತಂತಿ ಬೇಲಿ ಇಲ್ಲದೆ ಬೇಡ. ಒಳಗೆ ಹಾಸಿದ ಪ್ಲಾಸ್ಟಿಕ್ ಜಾರುತ್ತದೆ. ಬಿದ್ದ ಮಗುವಿಗೆ ಈಜು ಬಂದರೂ ಹತ್ತಿ ಬರಲು ಹಿಡಿ ಸಿಗುವುದಿಲ್ಲ. ಬೇಲಿ, ಒಂದು ಹಗ್ಗ, ಒಂದು ಟ್ಯೂಬು ಇರಲೇಬೇಕು.

ಕಾಗದ ಇಲ್ಲದ ಮನೆ ಅರ್ಧ ಮನೆ

ನೀರು ಇದ್ದೂ ಮನೆ ಮಾರಲು ಆಗದೆ ಒದ್ದಾಡುವವರು ಬಹಳ ಜನ. ಕಾರಣ ಕಾಗದ.

ಪಂಚಾಯಿತಿ ವ್ಯಾಪ್ತಿಯ ಮನೆಗೆ 2013ರಿಂದ ಇ-ಸ್ವತ್ತು ಬಂದಿದೆ. ಜನ ಬಾಯಲ್ಲಿ "ನೈನ್-ಇಲೆವೆನ್" ಅನ್ನುವ ಕಾಗದ ಇದೇ. ಇದಿಲ್ಲದೆ ಖರೀದಿ ಪತ್ರ ನೋಂದಣಿ ಆಗುವುದಿಲ್ಲ, ಬ್ಯಾಂಕ್ ಸಾಲವೂ ಹುಟ್ಟುವುದಿಲ್ಲ. ನೋಂದಣಿ ಆಗದಿದ್ದರೆ ಉಳಿಯುವುದು ನೂರು ರೂಪಾಯಿ ಬಾಂಡ್ ಮೇಲಿನ ಬರಹ. ಅದಕ್ಕೆ ಒಪ್ಪುವ ಗಿರಾಕಿ ಬೆಲೆ ಮುರಿದೇ ಕೇಳುತ್ತಾನೆ, ಯಾಕೆಂದರೆ ಅಪಾಯ ಅವನದು.

ಇನ್ನೂ ಎಷ್ಟೋ ಮನೆಗಳ ಉತಾರ ತೀರಿಹೋದ ಅಜ್ಜನ ಹೆಸರಿನಲ್ಲೇ ಇದೆ. ಅಣ್ಣತಮ್ಮಂದಿರು, ಕೊಟ್ಟ ಹೆಣ್ಣುಮಕ್ಕಳು ಎಲ್ಲರ ಸಹಿ ಬೇಕು. ಒಬ್ಬ ಪುಣೆಯಲ್ಲಿ, ಒಬ್ಬಳು ಸೋಲಾಪುರದಲ್ಲಿ. ಅಡಚಣೆ ಬಂದ ಮೇಲೆ ಇವರನ್ನೆಲ್ಲ ಕೂಡಿಸುವುದು ಹೇಗೆ? ಎಲ್ಲರೂ ಜಾತ್ರೆಗೆ, ಹಬ್ಬಕ್ಕೆ ಬಂದಾಗ ವಾರಸಾ ಮಾಡಿಸಿಕೊಳ್ಳುವುದೇ ಜಾಣತನ.

ಹೊಲದಲ್ಲಿ ಕಟ್ಟುವ ಮನೆಯದು ಇನ್ನೊಂದು ಕಥೆ. ರೈತ ತನ್ನ ಹೊಲದಲ್ಲಿ ಒಕ್ಕಲುತನಕ್ಕೆ ಬೇಕಾದ ಮನೆ ಕಟ್ಟಿಕೊಳ್ಳಬಹುದು. ಆದರೆ ಅದನ್ನು ವಸತಿ ಜಾಗ ಎಂದು ಮಾರಬೇಕಾದರೆ 1964ರ ಭೂಕಂದಾಯ ಕಾಯ್ದೆಯ 95ನೇ ಕಲಂ ಪ್ರಕಾರ ಭೂಪರಿವರ್ತನೆ, ಅಂದರೆ ನಾವು ಎನ್‌ಎ ಅನ್ನುವುದು, ಆಗಿರಬೇಕು. ಆಗದ ಜಾಗದಲ್ಲಿ ಎಷ್ಟೇ ಚೆಂದದ ಮನೆ, ಎಷ್ಟೇ ದೊಡ್ಡ ಕೊಳ ಇದ್ದರೂ ಕಾಗದದ ಮೇಲೆ ಅದು ಹೊಲವೇ. ಫಾರ್ಮ್‌ಹೌಸ್ ಪ್ಲಾಟ್ ಎಂದು ಗುಂಟೆ ಲೆಕ್ಕದಲ್ಲಿ ಮಾರುವವರು ಬಂದರೆ ಮೊದಲು ಈ ಕಾಗದ ಕೇಳಿ. ಕೊಳದ ಫೋಟೋ ಆಮೇಲೆ ನೋಡಿದರಾಯಿತು.

ಕೈಯಲ್ಲಿ ರೊಕ್ಕ ಇದ್ದರೆ

ಮನೆ ಕಟ್ಟಿ ಮುಗಿದು ನಾಲ್ಕಾರು ಲಕ್ಷ ಉಳಿದಿದೆ ಎನ್ನಿ. ನಮ್ಮ ಮಾತು ಕೇಳುವುದಾದರೆ ಈ ಸಾಲಿನಲ್ಲಿ ಹೋಗಿ.

ಮೊದಲು ಕಾಗದ: ವಾರಸಾ, ಇ-ಸ್ವತ್ತು, ಕಟ್ಟಿದ ಕಂದಾಯದ ರಸೀದಿ. ಇದಕ್ಕೆ ಹೆಚ್ಚು ರೊಕ್ಕ ಬೇಡ, ತಿರುಗಾಟ ಬೇಕು.

ಎರಡನೆಯದು ನೀರು: ಸಂಪ್, ಮೇಲೊಂದು ಟ್ಯಾಂಕ್, ಮಳೆನೀರಿನ ಪೈಪ್, ನೀರಿನ ಪರೀಕ್ಷೆ.

ಮೂರನೆಯದು ಹೋಗುವ ನೀರು: ಶೌಚಾಲಯ, ಬಚ್ಚಲು, ಇಂಗುಗುಂಡಿ. ಮುಂದೆ ಕೆಸರು ನಿಂತ ಮನೆಗೆ ಒಳಗೆ ಎಂಥ ಟೈಲ್ಸ್ ಹಾಕಿದ್ದರೂ ಗಿರಾಕಿ ಬಾಗಿಲಲ್ಲೇ ಮನಸ್ಸು ಬದಲಿಸುತ್ತಾನೆ.

ನಾಲ್ಕನೆಯದು ನೆರಳು: ಸ್ಲ್ಯಾಬಿಗೆ ಸುಣ್ಣ ಇಲ್ಲವೇ ಬಿಳಿ ಬಣ್ಣ, ಅಂಗಳದಲ್ಲಿ ಒಂದು ಬೇವಿನ ಗಿಡ. ಬಿಸಿಲಿಗೆ ತಂಪು ಬೇಕು ಎಂದೇ ಅಲ್ಲವೇ ಕೊಳದ ಆಸೆ? ಆ ತಂಪು ಇಲ್ಲಿ ಅಗ್ಗಕ್ಕೆ ಸಿಗುತ್ತದೆ.

ಇಷ್ಟೆಲ್ಲ ಆದ ಮೇಲೂ ರೊಕ್ಕ ಉಳಿದಿದೆ, ಬೋರ್ ತುಂಬಿದೆ, ಮೊಮ್ಮಕ್ಕಳು ಈಜಲಿ ಎಂಬ ಆಸೆ ಇದೆ ಎಂದರೆ ಕಟ್ಟಿಸಿ. ಆಸೆ ತಪ್ಪಲ್ಲ. ಆದರೆ ಮದುವೆಯ ಪೆಂಡಾಲಿನ ಖರ್ಚಿನ ಹಾಗೆ ಅದನ್ನು ಖರ್ಚು ಎಂದು ಬರೆದುಕೊಳ್ಳಿ. "ಮುಂದೆ ಬರ್ತದ" ಎಂದು ಜಮಾ ಕಡೆ ಬರೆಯಬೇಡಿ. ಅದರಲ್ಲೂ ಸಾಲ ತೆಗೆದು ಕಟ್ಟಲೇಬೇಡಿ.

ಈಜು ಮಾತ್ರ ನಮ್ಮ ಮಕ್ಕಳಿಗೆ ಬೇಕೇ ಬೇಕು. ಊರ ಬಾವಿಗಳು ಹೂಳು ತುಂಬಿ ಹೋದವು, ಬೆನ್ನಿಗೆ ಒಣ ಸೋರೆಬುರುಡೆ ಕಟ್ಟಿ ಕಲಿಸುತ್ತಿದ್ದ ಕಾಲ ಹೋಯಿತು. ಕಾಲುವೆ, ಹೊಂಡ, ನದಿ ಮಾತ್ರ ಹಾಗೇ ಇವೆ. ಅದಕ್ಕೆ ಬೇಕಾದದ್ದು ಹತ್ತು ಮನೆಗೆ ಹತ್ತು ಕೊಳ ಅಲ್ಲ. ತಾಲೂಕಿಗೆ ಒಂದಾದರೂ ಚೆನ್ನಾಗಿ ನಡೆಯುವ ಸಾರ್ವಜನಿಕ ಕೊಳ, ಕಲಿಸುವವರು, ಹುಡುಗಿಯರಿಗೆ ಬೇರೆ ಹೊತ್ತು. ಇದನ್ನು ಗ್ರಾಮಸಭೆಯಲ್ಲಿ, ನಗರಸಭೆಯಲ್ಲಿ ಕೇಳಿ ಪಡೆಯಬೇಕು.

ನಿಮ್ಮ ಮನೆಯ ಬೆಲೆ ಏರಿಸುವ ಕೆಲಸ ಇದೇ ವಾರ ಶುರು ಮಾಡಬಹುದು. ಪಂಚಾಯಿತಿಗೆ ಹೋಗಿ, ಪಿಡಿಒ ಅವರನ್ನು ಕಂಡು ನಿಮ್ಮ ಮನೆಯ ಇ-ಸ್ವತ್ತು ಆಗಿದೆಯೇ, ಯಾರ ಹೆಸರಿನಲ್ಲಿದೆ, ಅಳತೆ ಸರಿ ಇದೆಯೇ ಕೇಳಿ. ಬರುವಾಗ ಕುಡಿಯುವ ನೀರು ಎಲ್ಲಿ ಪರೀಕ್ಷೆ ಮಾಡಿಸಬೇಕು ಎಂಬುದನ್ನೂ ಕೇಳಿಕೊಂಡು ಬನ್ನಿ.